ಗುತ್ತಿಗೆ ಹಿಡಿದವನ ಹಣ್ಣು ಉದುರಿಸಿದ ಕೊಕ್ಕರೆಗಳಿಗೆ

ಬಣ್ಣದ ಕೊಕ್ಕರೆಗಳ ಸಮಸ್ತ ಸಂಸಾರದವರಿಗೆ,
ಎರಡು ಹುಣಸೆ ಮರ, ಮೇಲಿನ ಕೊಂಬೆಗಳು,
ಪಂಚಾಕ್ಷರಯ್ಯನ ಮಂಡಿಯ ಹಿಂಭಾಗ,
ಶಾಂತಿಗ್ರಾಮ, ಹಾಸನ ತಾಲ್ಲೂಕು.

ಮಾನ್ಯರೇ,

ತಮ್ಮ ಹಳದಿ ಕೊಕ್ಕಿಗೂ, ಬಾಲದ ಹತ್ತಿರ ಸೀರೆಯ ಅಂಚಿನ ಹಾಗೆ ಇಳಿಬಿದ್ದಿರುವ ಗುಲಾಬಿ ಗರಿಗಳಿಗೂ, ಇನ್ನೂ ಸರಿಯಾಗಿ ಪುಕ್ಕ ಬಾರದ ತಮ್ಮ ಮಕ್ಕಳುಮರಿಗಳಿಗೂ ನನ್ನ ಮತ್ತು ನನ್ನ ಮನೆಯವಳಾದ ಗಂಗಾಂಬಿಕೆಯ ಗೌರವಪೂರ್ವಕ ನಮಸ್ಕಾರಗಳು. ಕೆರೆಯಲ್ಲಿ ಮೀನಿಗೆ ಬರವಿಲ್ಲ, ತಮ್ಮ ಸಂಸಾರ ಹೊಟ್ಟೆ ತುಂಬ ಉಣ್ಣುತ್ತಿದೆ ಎಂಬ ಶುಭವಾರ್ತೆ ನಮ್ಮ ಮಂಡಿಯ ಹೆಂಚಿನ ಮೇಲೆ ದಿನವೂ ಬೀಳುತ್ತಿರುವುದರಿಂದ ಆ ಬಗ್ಗೆ ಪ್ರತ್ಯೇಕವಾಗಿ ವಿಚಾರಿಸುವ ಅಗತ್ಯ ಕಾಣಲಿಲ್ಲ. ಮೀನಿನ ಹೆಸರನ್ನೇ ಎತ್ತದ ನಮ್ಮಂಥವರ ಅಂಗಳಕ್ಕೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತಾವು ಮೀನು ತಲುಪಿಸುತ್ತಿದ್ದೀರಿ. ಗಂಗಾಂಬಿಕೆ ಅದನ್ನು ಮುಖ ಆಚೆ ತಿರುಗಿಸಿಕೊಂಡು ಮೊರದಲ್ಲಿ ಎತ್ತಿ ಹಾಕುವುದನ್ನು ಕಲಿತಿದ್ದಾಳೆ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಕಲಿಸಲಾಗದ್ದನ್ನು ತಾವು ಒಂದೇ ತಿಂಗಳಿನಲ್ಲಿ ಕಲಿಸಿದಿರಿ. ಆದರೆ ಈ ಪತ್ರ ಅದರ ಬಗ್ಗೆಯಲ್ಲ.

ನಾನು ಹುಣಸೆಹಣ್ಣಿನ ವ್ಯಾಪಾರಿ. ತಲೆಯ ಮೇಲೆ ಮೂಟೆ ಹೊತ್ತು ಸಂತೆಯಿಂದ ಸಂತೆಗೆ ತಿರುಗಿ, ಈಗ ಹೆದ್ದಾರಿಯ ಪಕ್ಕ ಸ್ವಂತ ಮಂಡಿ ಹಾಕಿಕೊಂಡು ಕೂತಿದ್ದೇನೆ. ಹೂವು ಕಾಯಾಗುವ ಹೊತ್ತಿಗೆ ಊರೂರು ಸುತ್ತಿ, ಮರದ ಮೇಲಿರುವಾಗಲೇ ಫಸಲಿಗೆ ಬೆಲೆ ಕಟ್ಟಿ, ಮಾಲೀಕರಿಗೆ ಮುಂಗಡ ಕೊಟ್ಟು ಗುತ್ತಿಗೆ ಹಿಡಿಯುವುದು ನನ್ನ ಕಸುಬು. ಹಣ್ಣಾದ ಮೇಲೆ ಆಳು ಹತ್ತಿಸಿ ದೋಟಿ ಎಂಬ ಉದ್ದನೆಯ ಗಳದಲ್ಲಿ ಬಡಿಸುತ್ತೇನೆ. ಕೆಳಗೆ ಹೆಣ್ಣಾಳುಗಳು ಓಡು ಬಿಡಿಸಿ, ನಾರು ತೆಗೆದು, ಬೀಜ ಕುಟ್ಟಿ ಕೊಡುತ್ತಾರೆ. ಈ ವ್ಯಾಪಾರದಲ್ಲಿ ಕಾಗದದ ಮೇಲಿಲ್ಲದ, ಆದರೆ ಹಾಸನದಿಂದ ಚನ್ನರಾಯಪಟ್ಟಣದವರೆಗೆ ನಾನು ಕಂಡ ಊರುಗಳಲ್ಲೆಲ್ಲ ನಡೆಯುವ ಒಂದು ಕಟ್ಟಳೆಯುಂಟು. ಬಡಿದು ಉದುರಿಸಿದ ಹಣ್ಣು ಗುತ್ತಿಗೆದಾರನದು. ತಾನಾಗಿ ಉದುರಿದ ಹಣ್ಣು ಮರದಡಿ ಗುಡಿಸುವವರದು. ಗುಡಿಸುವವರಿಗೆ ಬೇರೆ ಕೂಲಿಯಿಲ್ಲ. ನೆಲ ಚೊಕ್ಕಟವಾಗಿದ್ದರೆ ನನ್ನ ಹಣ್ಣಿಗೆ ಮಣ್ಣು ಮೆತ್ತುವುದಿಲ್ಲ, ಅವರಿಗೆ ವರ್ಷದ ಸಾರಿಗೆ ಹುಳಿಯಾಗಿ ಮಿಕ್ಕಿದ್ದು ಸಂತೆಗೆ ಹೋಗುತ್ತದೆ. ಗಾಳಿಗೆ ಎಷ್ಟು ಉದುರುತ್ತದೆ, ದೋಟಿಗೆ ಎಷ್ಟು ಉದುರುತ್ತದೆ ಎಂಬುದು ನಮ್ಮೆಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಜಗಳವಾಡಿರಲಿಲ್ಲ. ತಾವು ಬರುವ ತನಕ.

ಇಲ್ಲಿಂದ ಒಳಗೆ ಗಂಗನಕಟ್ಟೆ ಕೊಪ್ಪಲು ಎಂಬ ಊರಿನ ಕೆರೆಯ ಕೆಳಗೆ ಮೂರು ದೊಡ್ಡ ಹುಣಸೆ ಮರಗಳಿರುವುದು ತಮಗೆ ತಿಳಿದೇ ಇದೆ. ತಮ್ಮಲ್ಲಿ ಕೆಲವರು ಅಲ್ಲಿಯೇ ಹುಟ್ಟಿದವರು. ಆ ಮರಗಳು ಆ ಊರಿನ ದೊಡ್ಡ ಹಿಡುವಳಿದಾರರಾದ ನಂಜಪ್ಪನವರ ಹೊಲದ ಬದುವಿಗೂ ಊರಿನ ಖಾಲಿ ಜಾಗಕ್ಕೂ ನಡುವೆ ನಿಂತಿವೆ. ಫಸಲಿನ ಕಾಲದಲ್ಲಿ ಮರಗಳು ನಂಜಪ್ಪನವರದಾಗಿರುತ್ತಿದ್ದವು, ಮುಂಗಡ ಅವರೇ ಎಣಿಸಿಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ಕೊಂಬೆ ಮುರಿದು ಪಕ್ಕದ ಬೆಟ್ಟಮ್ಮನ ಮನೆಯ ಹೆಂಚು ಒಡೆದಾಗ ಮಾತ್ರ ಅವು ಗ್ರಾಮಠಾಣದ ಮರಗಳಾಗುತ್ತಿದ್ದವು, ಹೆಂಚಿನ ಲೆಕ್ಕ ಗ್ರಾಮಠಾಣವನ್ನೇ ಕೇಳಬೇಕೆಂದು ಅವರು ಹೇಳಿ ಕಳಿಸುತ್ತಿದ್ದರು. ವರ್ಷಕ್ಕೆರಡು ಸಲ ಹೀಗೆ ಬೇರುಸಮೇತ ಗಡಿ ದಾಟುವ ಮರಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಬೆಟ್ಟಮ್ಮನ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಗಂಡ ತೀರಿಕೊಂಡವಳು, ಸ್ವಂತಕ್ಕೆ ಮನೆಯ ತಳಹದಿಯಷ್ಟೇ ಜಾಗ ಉಳ್ಳವಳು. ಆ ಮೂರು ಮರದಡಿ ಗುಡಿಸುವುದು ಅವಳ ಅತ್ತೆಯಿಂದ ಅವಳಿಗೆ ಬಂದ ಹಕ್ಕು. ತಮ್ಮ ಬಗ್ಗೆ ಅವಳಿಗೆ ಪ್ರೀತಿಯಿತ್ತೆಂದು ಯಾರಾದರೂ ತಮಗೆ ಹೇಳಿದ್ದರೆ ನಂಬಬೇಡಿ. ತಾವು ಬಂದು ಗೂಡು ಕಟ್ಟಿದ ದಿನದಿಂದ ಸೂರ್ಯ ಹುಟ್ಟಿ ಮುಳುಗುವ ತನಕ ತಮ್ಮ ವಂಶವನ್ನು ಅವಳು ಬೈದ ಬೈಗುಳಗಳನ್ನು ಈ ಪತ್ರದಲ್ಲಿ ಬರೆಯುವಂತಿಲ್ಲ. ಹಣ್ಣಿನ ಮೇಲೆ ಹಿಕ್ಕೆ, ಸೆರಗಿನ ಮೇಲೆ ಹಿಕ್ಕೆ, ಅನ್ನದ ಡಬ್ಬಿಯ ಮುಚ್ಚಳದ ಮೇಲೆ ಹಿಕ್ಕೆ. ಆದರೂ ಅವಳು ಗುಡಿಸುತ್ತಿದ್ದಳು, ಹಣ್ಣು ಬೇಕಾಗಿತ್ತಲ್ಲ. ಹಣ್ಣಿಗೆ ಬರುವ ಕೋತಿಗಳನ್ನು ಕವಣೆ ಬೀಸಿ ಕೆರೆಯಾಚೆಗೆ ಅಟ್ಟುತ್ತಿದ್ದಳು. ನಾಯಿಗಳು ಅವಳ ದನಿ ಕೇಳಿದರೇ ಬೇರೆ ಬೀದಿ ಹಿಡಿಯುತ್ತಿದ್ದವು. ಇದೆಲ್ಲ ಅವಳು ಹುಣಸೆಹಣ್ಣಿಗಾಗಿ ಮಾಡಿದ್ದು. ಕೆಳಗೆ ಒಬ್ಬಳು ಹೆಂಗಸು ಬಾಯಿ ಮಾಡುತ್ತ ತಿರುಗುವ ಮರದಲ್ಲಿ ಮೊಟ್ಟೆಗೆ ಅಪಾಯ ಕಡಿಮೆ ಎಂದು ಲೆಕ್ಕ ಹಾಕಿದವರು ತಾವು, ಅವಳಲ್ಲ.

ತಾವು ಮೊದಲು ಬಂದ ವರ್ಷ ನಾನು ಆ ಮರಗಳಿಗೆ ಆಗಲೇ ಮುಂಗಡ ಕೊಟ್ಟಾಗಿತ್ತು. ಇಳಿಯುವ ಮುನ್ನ ಗುತ್ತಿಗೆದಾರನ ಒಪ್ಪಿಗೆ ಕೇಳುವ ಪದ್ಧತಿ ತಮ್ಮಲ್ಲಿಲ್ಲ ಎಂಬುದು ಆಗ ಗೊತ್ತಾಯಿತು. ನನ್ನ ಆಳುಗಳು ದೋಟಿ ಹಿಡಿದು ಹೋದ ದಿನವೇ ರೆಕ್ಕೆಬಳಗ ಸಂರಕ್ಷಣಾ ಪ್ರತಿಷ್ಠಾನ ಎಂಬ ಸಂಸ್ಥೆಯಿಂದ ಶಶಿಕುಮಾರ್ ಎಂಬ ವಿನಯವಂತ ಯುವಕರು ಕೊರಳಲ್ಲಿ ದುರ್ಬೀನು ತೂಗಿಸಿಕೊಂಡು ಬೈಕಿನಲ್ಲಿ ಬಂದಿಳಿದು, ಗೂಡಿರುವ ಮರವನ್ನು ಬಡಿಯುವುದು ತಪ್ಪೆಂದು ಕೈಮುಗಿದು ಹೇಳಿದರು. ನಾನೂ ಕೈಮುಗಿದು ಒಪ್ಪಿದೆ. ಮೊಟ್ಟೆಯಿಟ್ಟವರನ್ನು ಕೋಲಿನಿಂದ ಬಡಿಸುವಷ್ಟು ಕೆಟ್ಟ ವ್ಯಾಪಾರಿ ನಾನಲ್ಲ. ದೋಟಿಗಳನ್ನು ವಾಪಸು ಟೆಂಪೋಗೆ ಹಾಕಿಸಿದೆ.

ಆದರೆ ಮಾನ್ಯರೇ, ಆಮೇಲೆ ತಾವು ಮಾಡಿದ್ದೇನು? ಇಷ್ಟು ದೊಡ್ಡ ಶರೀರ ಹೊತ್ತು, ಕಾಲು ಚಾಚಿ, ಒಬ್ಬರ ಹಿಂದೊಬ್ಬರು ಹಣ್ಣು ಜಗ್ಗುವ ಕೊಂಬೆಗಳ ತುದಿಗೇ ಬಂದು ಕೂತಿರಿ. ಕೂತಾಗ ಒಂದು ಸಲ ಉದುರಿತು, ಎದ್ದಾಗ ಒಂದು ಸಲ ಉದುರಿತು, ಗಂಡಹೆಂಡಿರು ಕೊಕ್ಕು ಕುಟ್ಟಿಕೊಂಡು ಸರಸವಾಡಿದಾಗ ಇಡೀ ಕೊಂಬೆಯೇ ಬರಿದಾಯಿತು. ನಾನು ಕೂಲಿ ಕೊಟ್ಟು ಹತ್ತಿಸಿದ ಯಾವ ಆಳೂ ಇಷ್ಟು ನೀಟಾಗಿ, ಎಲೆ ಕೀಳದೆ, ಟೀ ಕೇಳದೆ ಮರ ಬಿಡಿಸಿದ್ದನ್ನು ನಾನು ನೋಡಿಲ್ಲ. ಆಳು ಸಿಗುವುದಿಲ್ಲ ಎಂದು ಸುತ್ತಲ ಹಳ್ಳಿಯ ಜಮೀನ್ದಾರರೆಲ್ಲ ಸಿಲ್ವರ್ ಓಕು, ತೇಗ ನೆಟ್ಟು ಕೈ ಕಟ್ಟಿಕೊಂಡು ಕೂತಿರುವ ಈ ಕಾಲದಲ್ಲಿ ಬಿಟ್ಟಿಯಾಗಿ ದುಡಿಯಲು ಬಂದ ತಮ್ಮ ತಂಡವನ್ನು ನಾನು ಎಷ್ಟು ಹೊಗಳಿದರೂ ಸಾಲದು. ನನಗಿರುವ ಒಂದೇ ತಕರಾರೆಂದರೆ, ತಾವು ದುಡಿದದ್ದು ನನಗಲ್ಲ. ಬಡಿದವರು ಯಾರೂ ಇಲ್ಲ, ಆದ್ದರಿಂದ ಹಣ್ಣು ತಾನಾಗಿ ಉದುರಿತು; ತಾನಾಗಿ ಉದುರಿತು, ಆದ್ದರಿಂದ ಬೆಟ್ಟಮ್ಮನದಾಯಿತು.

ಇದು ನ್ಯಾಯವೇ ಎಂದು ಕೇಳಲು ನಾನು ಕೊಪ್ಪಲಿಗೆ ಹೋದೆ. ನಂಜಪ್ಪನವರೂ ಬಂದರು, ಕಟ್ಟೆಯ ಮೇಲೆ ನಾಲ್ಕು ಜನ ಸೇರಿದರು. ಹಕ್ಕಿ ಉದುರಿಸಿದ ಹಣ್ಣು ಬಡಿದ ಹಣ್ಣಿಗೆ ಸಮ ಎಂದು ನಾನು ವಾದಿಸಿದೆ. ಹಕ್ಕಿ ಕೂತಿರುವುದು ನನ್ನ ಮರದ ಮೇಲೆ, ಆದ್ದರಿಂದ ಹಕ್ಕಿಯ ದುಡಿಮೆ ನನ್ನದು ಎಂದು ನಂಜಪ್ಪನವರು ವಾದಿಸಿದರು. ಬೆಟ್ಟಮ್ಮ ಪೊರಕೆಯನ್ನು ಕಂಕುಳಲ್ಲಿಟ್ಟುಕೊಂಡು ಇಬ್ಬರ ಮಾತೂ ಮುಗಿಯುವ ತನಕ ಕಾದಿದ್ದು, ಆಮೇಲೆ ಹೇಳಿದ್ದು ಇಷ್ಟು: “ನೀವ್ ಬಡುದ್ರಾ ಅಯ್ನೋರೆ? ಇಲ್ಲ. ಗೌಡ್ರು ಬಡುದ್ರಾ? ಇಲ್ಲ. ನಾನ್ ಗುಡುಸ್ದೆ. ಇನ್ಯಾರ್ದು ಏಳಿ.”

ಕಟ್ಟೆಯ ಮೇಲಿದ್ದವರು ನಕ್ಕರು. ನಕ್ಕ ಮೇಲೆ ತೀರ್ಪು ಬದಲಾಗುವುದಿಲ್ಲ ಎಂದು ಗೊತ್ತಿರುವಷ್ಟು ವ್ಯಾಪಾರ ನಾನು ಮಾಡಿದ್ದೇನೆ. ಆ ವರ್ಷ ಬೆಟ್ಟಮ್ಮ ಹಣ್ಣನ್ನು ಕೆರೆಯ ನೀರಿನಲ್ಲಿ ತೊಳೆದು, ಒಣಗಿಸಿ, ಬೀಜ ಬಿಡಿಸಿ ನನ್ನ ಮಂಡಿಗೇ ತಂದು ಮಾರಿದಳು. ಮುಂಗಡ ಕೊಟ್ಟ ಹಣ್ಣನ್ನೇ ಮತ್ತೊಮ್ಮೆ ದುಡ್ಡು ಕೊಟ್ಟು ಕೊಂಡವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಅವಳು ಅದರಲ್ಲಿ ಮನೆಗೆ ಹೊಸ ಹೆಂಚು ಹೊದೆಸಿದಳು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳಿವೆ. ಮುಂದೆ ಯಾವುದೇ ಮರದಲ್ಲಿ ಇಳಿಯುವ ಮುನ್ನ ದಯಮಾಡಿ ನಾಡಕಚೇರಿಯ ಮೇಲೊಂದು ಸುತ್ತು ಹಾರಿ, ಪಹಣಿ ತೆಗೆಸಿ, ಸದರಿ ಮರ ಆ ತಿಂಗಳಲ್ಲಿ ಯಾರದಾಗಿರುತ್ತದೆ ಎಂದು ಖಾತ್ರಿಪಡಿಸಿಕೊಳ್ಳಬೇಕು. ಹಣ್ಣಿರುವ ಕೊಂಬೆಯ ಮೇಲೆ ಕೂರಲೇಬೇಕಾದರೆ ಉಸಿರು ಬಿಗಿಹಿಡಿದು ಹಗುರವಾಗಿ ಕೂರಬೇಕು. ಉದುರಿಸಿದ ಪ್ರತಿ ಹಣ್ಣಿಗೂ ಅದು ರೆಕ್ಕೆ ತಾಗಿ ಉದುರಿದ್ದೇ, ಕಾಲು ತಾಗಿ ಉದುರಿದ್ದೇ, ಅಥವಾ ತಮ್ಮ ಸಂಬಂಧವಿಲ್ಲದೆ ಗಾಳಿಗೇ ಉದುರಿದ್ದೇ ಎಂದು ಚೀಟಿ ಕೊಡಬೇಕು. ಹಿಕ್ಕೆಯ ವಿಷಯದಲ್ಲಂತೂ ಹಿಡುವಳಿಯ ಪ್ರಮಾಣಕ್ಕೆ ತಕ್ಕಂತೆ ಹಂಚಿಕೆಯಾದರೆ ಉತ್ತಮ. ಮನೆಯ ತಳಹದಿಯಷ್ಟು ಜಾಗವಿರುವವಳ ತಲೆಗೆ ಎಕರೆಗಟ್ಟಲೆ ಇರುವವರ ಪಾಲೂ ಬೀಳುವುದು ಯಾವ ಲೆಕ್ಕದಲ್ಲೂ ಕೂರುವುದಿಲ್ಲ.

ಮರುವರ್ಷದ ವಿಚಾರ. ಪ್ರತಿಷ್ಠಾನದವರು ತಮ್ಮನ್ನು ಉಳಿಸಲು ಯೋಜನೆಯೊಂದನ್ನು ತಂದರು. ಕೊಕ್ಕರೆಗಳಿರುವ ಮರದ ಮಾಲೀಕರಿಗೆ ವರ್ಷವರ್ಷ ಗೌರವಧನ, ಶಾಲು, ಪ್ರಮಾಣಪತ್ರ. ಆ ಕ್ಷಣದಿಂದ ಮರಗಳು ಮಳೆಗಾಲದಲ್ಲೂ ನಂಜಪ್ಪನವರದಾದವು. ಅಳತೆಯವರು ಬಂದು ಸರಪಳಿ ಎಳೆದರು. ಸರಪಳಿ ಎಳೆದಷ್ಟೂ ಬದು ಊರ ಕಡೆಗೆ ನಡೆಯಿತು. ಮರಗಳಷ್ಟೇ ಅಲ್ಲ, ಬೆಟ್ಟಮ್ಮ ಗುಡಿಸುತ್ತಿದ್ದ ನೆಲ, ಹೆಂಗಸರು ಕೂತು ಬೀಜ ಕುಟ್ಟುತ್ತಿದ್ದ ನೆರಳು ಎಲ್ಲವೂ ನಂಜಪ್ಪನವರ ಹದ್ದಿನೊಳಗೆ ಬಂದು ಕೂತವು. ಹಾಸನದಲ್ಲಿ ಸಮಾರಂಭವಾಯಿತು. ಜೀವಮಾನದಲ್ಲಿ ಒಂದು ಪೊರಕೆಯನ್ನಾಗಲಿ ಕವಣೆಯನ್ನಾಗಲಿ ಮುಟ್ಟದ ನಂಜಪ್ಪನವರು ಕೊಕ್ಕರೆಗಳ ರಕ್ಷಕರೆಂದು ಶಾಲು ಹೊದ್ದು, ಚಿಕ್ಕಂದಿನಿಂದ ಹಕ್ಕಿಗಳ ಜೊತೆಯಲ್ಲೇ ಬೆಳೆದೆನೆಂದು ಮಾತನಾಡಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಊಟ ಚೆನ್ನಾಗಿತ್ತು.

ಅದರ ಹಿಂದೆಯೇ ಜಾಲರಿಯ ಬೇಲಿ ಬಂತು, ಬೀಗ ಬಂತು, ನಂಜಪ್ಪನವರ ಭಾವಚಿತ್ರವಿದ್ದ ಫಲಕ ಬಂತು. ಮರದಡಿ ಜನ ಓಡಾಡುವುದನ್ನು ಮಾನವ ಹಸ್ತಕ್ಷೇಪ ಎನ್ನುತ್ತಾರೆಂದು ಶಶಿಕುಮಾರರು ಬಿಡಿಸಿ ಹೇಳಿದರು. ಹಸ್ತಕ್ಷೇಪದ ಪಟ್ಟಿಯಲ್ಲಿ ಪೊರಕೆಯಿತ್ತು, ಕವಣೆಯಿತ್ತು, ಜೋರು ದನಿಯೂ ಇತ್ತು. ಹೀಗೆ ಮೂರು ಅಪರಾಧವನ್ನೂ ಒಬ್ಬಳೇ ಎಸಗುತ್ತಿದ್ದ ಬೆಟ್ಟಮ್ಮನನ್ನು ಬೇಲಿಯಾಚೆ ನಿಲ್ಲಿಸಲಾಯಿತು. ಅವಳು ಜಾಲರಿಗೆ ಮುಖ ಕೊಟ್ಟು ಒಂದೇ ಮಾತು ಹೇಳಿದಳೆಂದು ಅಲ್ಲಿದ್ದವರು ಹೇಳುತ್ತಾರೆ: “ನಾನೇನ್ ಮೊಟ್ಟೆ ತಿನ್ನಾಕ್ ಬತ್ತೀನಾ ಸಾ? ಕಸ ಗುಡ್ಸಾಕ್ ಬತ್ತೀನಿ. ಕಸಾನೂ ಗೌಡ್ರುದೇ ಅಂದ್ರೆ ಅವ್ರೇ ಗುಡುಸ್ಕಳ್ಲಿ ಬುಡಿ.”

ಗೌಡರು ಗುಡಿಸಲಿಲ್ಲ. ತಾವು ಎಂದಿನಂತೆ ಬಂದಿರಿ, ಕೂತಿರಿ, ಎದ್ದಿರಿ, ಹಣ್ಣು ಉದುರಿತು. ಎತ್ತುವವರಿಲ್ಲದೆ ನೆಲದ ಮೇಲೆ ಹಾಸಿಕೊಂಡಿತು. ಮೊದಲು ಇರುವೆ ಬಂತು, ಆಮೇಲೆ ಕೋತಿಗಳು ಬಂದವು. ಬೇಲಿ ಎನ್ನುವುದು ಮನುಷ್ಯರಿಗೆ ಮಾಡಿದ್ದು, ಕೋತಿಗೆ ಅದು ಏಣಿ. ನೆಲದ ಮೇಲಿನ ಹಣ್ಣು ಮುಗಿಯುವ ತನಕ ಅವು ನೆಲದ ಮೇಲಿದ್ದವು. ಮುಗಿದ ಮೇಲೆ ಮರ ಹತ್ತಿದವು. ಬೈಯಲು ಬೆಟ್ಟಮ್ಮನಿಲ್ಲ, ಬೀಸಲು ಕವಣೆಯಿಲ್ಲ. ಗೂಡುಗಳಲ್ಲಿ ಏನಾಯಿತೆಂದು ತಮಗೆ ನಾನು ಹೇಳುವುದು ಮರ್ಯಾದೆಯಲ್ಲ. ಒಡೆದ ಚಿಪ್ಪು ಫಲಕದ ಕೆಳಗೆಲ್ಲ ಬಿದ್ದಿತ್ತು. ಉಳಿದವರು ಒಂದು ಬೆಳಿಗ್ಗೆ ಎದ್ದು ಹೊರಟುಹೋದಿರಿ. ದೂರು ಕೊಡಲು ತಮಗೆ ದನಿಯೂ ಇಲ್ಲ, ಕೊಕ್ಕು ಕುಟ್ಟುವುದೊಂದು ಬಿಟ್ಟು. ಹವಾಮಾನದ ಏರುಪೇರಿನಿಂದ ಪಕ್ಷಿಗಳು ಸ್ಥಳಾಂತರಗೊಂಡಿವೆ ಎಂದು ಪ್ರತಿಷ್ಠಾನದ ವರದಿಯಲ್ಲಿ ಬಂತು. ಆ ವರ್ಷದ ಗೌರವಧನ ಮಾತ್ರ ಮರಗಳಿಗೆ ಸಂದಾಯವಾಯಿತು, ಮರಗಳು ಸ್ಥಳಾಂತರಗೊಂಡಿರಲಿಲ್ಲವಲ್ಲ.

ಬೆಟ್ಟಮ್ಮ ಬೆಳಿಗ್ಗೆಯ ಬಸ್ಸು ಹತ್ತಿ ನನ್ನ ಮಂಡಿಗೆ ಬರತೊಡಗಿದಳು. ಬೇರೆ ಊರುಗಳಿಂದ ತರಿಸಿದ ಹಣ್ಣನ್ನು ಹಿಂದಿನ ಅಂಗಳದಲ್ಲಿ ನನ್ನ ಎರಡು ಹುಣಸೆ ಮರದ ನೆರಳಿನಲ್ಲಿ ಕೂತು ಕುಟ್ಟಿ ಕೊಡುವುದು, ಸಂಜೆ ಕೂಲಿ ಇಸಿದುಕೊಂಡು ಹೋಗುವುದು. ಕೂಲಿಯಲ್ಲಿ ನಾನು ಮೋಸ ಮಾಡಿಲ್ಲ. ಆದರೆ ಕೂಲಿ ಎನ್ನುವುದು ಬಂದ ದಿನಕ್ಕೆ ಬರುತ್ತದೆ, ಬಾರದ ದಿನಕ್ಕಿಲ್ಲ. ಗುಡಿಸುವ ಹಕ್ಕು ಹಾಗಲ್ಲ. ಅದು ಅವಳ ಪಾಲಿನ ಜಮೀನು. ಮಳೆ ಬಂದರೂ ಜ್ವರ ಬಂದರೂ ಮರದಡಿ ಅವಳಿಗೊಂದಿಷ್ಟು ಬಿದ್ದಿರುತ್ತಿತ್ತು. ಅದನ್ನು ಕಳೆದುಕೊಂಡವಳ ದನಿ ಹೇಗಿರುತ್ತದೆಂದರೆ, ಬಹಳ ದಿನ ಅವಳು ಯಾರನ್ನೂ ಬೈಯಲೇ ಇಲ್ಲ. ಅಂಗಳ ಬಿಕೋ ಎನ್ನುತ್ತಿತ್ತು.

ಹೀಗಿರುವಾಗ ಈ ವರ್ಷ ತಾವು ಎಲ್ಲ ಬಿಟ್ಟು ನನ್ನ ಮಂಡಿಯ ಹಿಂದೆ ಬಂದಿಳಿದಿರಿ. ಲಾರಿಗಳ ಹಾರನ್ನು, ಹೆದ್ದಾರಿಯ ಧೂಳು, ಮೀನು ಮುಟ್ಟದ ಮನೆ. ತಾವು ಬೆಟ್ಟಮ್ಮನನ್ನು ಹುಡುಕಿಕೊಂಡೇ ಬಂದಿರಿ ಎಂದು ಗಂಗಾಂಬಿಕೆ ಸಾಧಿಸುತ್ತಾಳೆ. ನಾನು ಹಾಗೆ ಹೇಳುವುದಿಲ್ಲ, ಸಾಕ್ಷಿಯಿಲ್ಲದ್ದನ್ನು ನಾನು ಬರೆದಿಡುವವನಲ್ಲ. ಮೊದಲ ಹಿಕ್ಕೆ ಬಿದ್ದ ದಿನ ಬೆಟ್ಟಮ್ಮ ತಲೆಯೆತ್ತಿ ನೋಡಿ, ಸೆರಗು ಒರೆಸಿಕೊಂಡು, ತಮ್ಮ ವಂಶವನ್ನು ಕೊಪ್ಪಲಿನಲ್ಲಿ ಎಲ್ಲಿಗೆ ನಿಲ್ಲಿಸಿದ್ದಳೋ ಅಲ್ಲಿಂದ ಬೈಯಲು ಶುರು ಮಾಡಿದಳು. ಮಾರನೆಯ ದಿನ ಬರುವಾಗ ಪೊರಕೆ ತಂದಿದ್ದಳು. ಯಾರನ್ನು ಕೇಳಿ ಗುಡಿಸುತ್ತಿದ್ದೀಯೆಂದು ಕೇಳಿದೆ. “ಉದುರ್ತಾ ಅದೆ, ಗುಡಿಸ್ತಾ ಇವ್ನಿ” ಎಂದಳು. ಮರ ಯಾರದೆಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆದರೆ ಪ್ರತಿಷ್ಠಾನದವರು ಹೇಳಿದರು. ಮರಗಳು ನನ್ನ ಖಾತೆಯ ನಿವೇಶನದಲ್ಲಿರುವುದರಿಂದ ನಾನು ಈಗ ಕೊಕ್ಕರೆಗಳ ರಕ್ಷಕನೆಂದೂ, ಗೌರವಧನಕ್ಕೆ ಅರ್ಹನೆಂದೂ, ಕೂಡಲೇ ಬೇಲಿ ಹಾಕಿಸಿ ಮಾನವ ಹಸ್ತಕ್ಷೇಪ ನಿಲ್ಲಿಸಬೇಕೆಂದೂ, ಬೇಲಿಯ ಖರ್ಚು ಅವರದೆಂದೂ ಪತ್ರ ಬಂತು. ಮಾನ್ಯರೇ, ತಾವು ನನ್ನನ್ನು ಎಂಥ ಇಕ್ಕಟ್ಟಿಗೆ ತಂದಿರಿ ನೋಡಿ. ಬೆಟ್ಟಮ್ಮನನ್ನು ಹೊರಗಿಟ್ಟರೆ ಹಣ್ಣೂ ನನ್ನದು, ಶಾಲೂ ನನ್ನದು. ಒಳಗಿಟ್ಟರೆ ಸ್ವಂತ ಮರದ ಹಣ್ಣನ್ನು ಅವಳ ಕೈಯಿಂದ ನಾನೇ ಕೊಳ್ಳಬೇಕು. ಎರಡು ರಾತ್ರಿ ಲೆಕ್ಕ ಹಾಕಿದೆ. ಪ್ರಮಾಣಪತ್ರಕ್ಕೆ ಯಾವ ಫೋಟೋ ಕೊಡುತ್ತೀರಿ, ಕೋಟು ಹಾಕಿದ್ದೋ ಪಂಚೆ ಉಟ್ಟಿದ್ದೋ ಎಂದು ಗಂಗಾಂಬಿಕೆ ಕೇಳಿದಳು. ಅವಳು ಮೊರ ಹಿಡಿದು ನಿಂತಿದ್ದ ರೀತಿಯಲ್ಲಿ ಅದು ಫೋಟೋದ ವಿಚಾರವಲ್ಲ ಎಂದು ನನಗೆ ತಿಳಿಯಿತು.

ಪ್ರತಿಷ್ಠಾನಕ್ಕೆ ಫೋನು ಮಾಡಿ, ಗುಡಿಸುವವಳಿಗೆ ಯೋಜನೆಯಲ್ಲಿ ಏನಾದರೂ ಉಂಟೇ ಎಂದು ವಿಚಾರಿಸಿದೆ. ಬೇಲಿಗೆ ಒಂದು ಖರ್ಚಿನ ಶೀರ್ಷಿಕೆಯಿದೆ, ಫಲಕಕ್ಕಿದೆ, ಸಮಾರಂಭಕ್ಕಿದೆ, ಮಾಲೀಕರಿಗಿದೆ, ಆದರೆ ಗುಡಿಸುವುದಕ್ಕೆ ಶೀರ್ಷಿಕೆಯಿಲ್ಲ ಎಂದು ಶಶಿಕುಮಾರರು ನಿಜವಾಗಿಯೂ ಬೇಜಾರು ಮಾಡಿಕೊಂಡು ಹೇಳಿದರು. ಒಳ್ಳೆಯ ಹುಡುಗ, ಅವರ ಕೈಯಲ್ಲಿ ದುರ್ಬೀನು ಒಂದು ಬಿಟ್ಟು ಬೇರೇನೂ ಇಲ್ಲ. ಭೂಮಿ ಯಾರದೆಂಬ ಕಾಲಮ್ಮಿಗೆ ದುಡ್ಡುಂಟು, ಭೂಮಿಯ ಮೇಲೆ ಬಗ್ಗಿದವರು ಯಾರೆಂಬ ಕಾಲಮ್ಮೇ ಇಲ್ಲ. ಇಂಥ ಲೆಕ್ಕ ಬರೆಯುವ ಗುಮಾಸ್ತನನ್ನು ನಾನು ಮಂಡಿಯಲ್ಲಿ ಒಂದು ವಾರವೂ ಇಟ್ಟುಕೊಳ್ಳುತ್ತಿರಲಿಲ್ಲ. ಆದರೆ ಅವರು ಬೇಲಿ ಹಾಕಿಸಿ ಎಂದಿದ್ದರು, ಯಾರನ್ನು ಯಾವ ಕಡೆಗೆ ಇಡಬೇಕೆಂದು ಬರೆದಿರಲಿಲ್ಲ.

ಆದ್ದರಿಂದ ಪ್ರತಿಷ್ಠಾನದ ಆದೇಶವನ್ನು ಅಕ್ಷರಶಃ ಪಾಲಿಸಿದ್ದೇನೆ. ಜಾಲರಿ ಬೇಲಿ ಗಟ್ಟಿಯಾಗಿದೆ, ಗೇಟಿದೆ, ಬೀಗವಿದೆ. ಬೀಗದ ಕೈ ಬೆಟ್ಟಮ್ಮನ ಸೊಂಟದಲ್ಲಿದೆ. ಅವಳೂ ಅವಳ ಪೊರಕೆಯೂ ಕವಣೆಯೂ ಒಳಗಿವೆ. ನಾನು, ನನ್ನ ಖಾತೆ, ಪ್ರತಿಷ್ಠಾನ ಹೊರಗಿದ್ದೇವೆ. ಉದುರಿದ ಹಣ್ಣು ಅವಳದು. ಇದನ್ನು ನನ್ನ ದೊಡ್ಡತನವೆಂದು ತಾವು ತಿಳಿಯಬಾರದು. ಕೋತಿ ಬಂದರೆ ಕೊಕ್ಕರೆಯಿಲ್ಲ, ಕೊಕ್ಕರೆಯಿಲ್ಲದಿದ್ದರೆ ಗೌರವಧನವಿಲ್ಲ, ಇಷ್ಟೇ ನನ್ನ ಲೆಕ್ಕ. ಆ ಗೌರವಧನದಲ್ಲಿ ಅವಳಿಗೆಷ್ಟು ಎಂಬುದನ್ನು ಮುಂದಿನ ವಾರ ಮಾತನಾಡಬೇಕಂತೆ. ಹಾಗೆಂದು ಅವಳೇ ನನಗೆ ತಿಳಿಸಿದ್ದಾಳೆ.

ಮೊನ್ನೆ ಶಶಿಕುಮಾರರು ಪರಿಶೀಲನೆಗೆ ಬಂದು ಗೇಟಿನ ಮುಂದೆ ನಿಂತರು. ಬೆಟ್ಟಮ್ಮ ಕುಟ್ಟುವುದನ್ನು ನಿಲ್ಲಿಸದೆ, ಬರಿಗೈಯಲ್ಲಿ ಬಂದವರಿಗೆ ಒಳಗೆ ಜಾಗವಿಲ್ಲವೆಂದು ಹೇಳಿದಳು. ದುರ್ಬೀನು ತೋರಿಸಿದರು. “ಅದ್ರಲ್ಲಿ ಗುಡುಸಾಕಾಯ್ತದಾ ಸಾ?” ಎಂದಳು. ಆ ಯುವಕರು ದುರ್ಬೀನನ್ನು ಬೈಕಿನ ಚೀಲದೊಳಗಿಟ್ಟು, ಮೂಲೆಯಲ್ಲಿದ್ದ ಇನ್ನೊಂದು ಪೊರಕೆಯನ್ನು ಜಾಲರಿಯ ಸಂದಿನಿಂದ ಇಸಿದುಕೊಂಡರು. ಬೆಟ್ಟಮ್ಮ ಬೀಗ ತೆಗೆದಳು, ಅವರು ಊಟದ ಹೊತ್ತಿನ ತನಕ ಗುಡಿಸಿದರು. ಶರ್ಟಿನ ಮೇಲೆ ತಾವು ಎರಡು ಸಲ ಸಹಿ ಹಾಕಿದಿರಿ. ಆ ದಿನದ ವರದಿಯ ಮಾನವ ಹಸ್ತಕ್ಷೇಪದ ಅಂಕಣದಲ್ಲಿ ಅವರು ಸ್ವಂತ ಹೆಸರನ್ನೇ ಬರೆದುಕೊಂಡಿದ್ದಾರೆಂದು ಕೇಳಿದ್ದೇನೆ.

ಇಷ್ಟೆಲ್ಲದರ ಮೇಲೆಯೂ ತಾವು ಹಣ್ಣಿನ ಕೊಂಬೆಯ ಮೇಲೆಯೇ ಕೂರುತ್ತಿದ್ದೀರಿ. ಒಂದೆರಡು ಕೊಂಬೆಯನ್ನಾದರೂ ನನ್ನ ದೋಟಿಗೆ ಬಿಟ್ಟುಕೊಡಬೇಕೆಂದು, ಸಂತಾನ ಹಾರುವಷ್ಟಾದ ಮೇಲೆ ನಿಧಾನವಾಗಿ ಪರಿಶೀಲಿಸಬೇಕೆಂದು ಪ್ರಾರ್ಥಿಸುತ್ತೇನೆ.

ಹೊರಗಡೆ ನಿಂತಿರುವ,
ತಮ್ಮ ವಿಶ್ವಾಸಿ,
ಪಂಚಾಕ್ಷರಯ್ಯ
ಹುಣಸೆಹಣ್ಣಿನ ವ್ಯಾಪಾರಿ, ಶಾಂತಿಗ್ರಾಮ

ಮರೆತ ಮಾತು: ತಮ್ಮಲ್ಲಿ ಕೆಲವರು ನಂಜಪ್ಪನವರ ಸರ್ವೆ ನಂಬರಿನಲ್ಲಿ ಹುಟ್ಟಿದವರಾದ್ದರಿಂದ ತಮ್ಮನ್ನು ವಾಪಸು ಕೊಡಿಸಬೇಕೆಂದು ಅವರು ಪ್ರತಿಷ್ಠಾನಕ್ಕೆ ಅರ್ಜಿ ಬರೆದಿದ್ದಾರೆ. ತಮ್ಮನ್ನು ಕೇಳಲು ಅರ್ಜಿ ಸಾಕಾಯಿತು. ಬೆಟ್ಟಮ್ಮನನ್ನು ಕೇಳಲು ಮಾತ್ರ ಅವರು ನಿನ್ನೆ ಅವಳ ಮನೆ ಬಾಗಿಲಿಗೆ ಖುದ್ದಾಗಿ ನಡೆದುಬಂದು, ಮರದಡಿ ಬಂದು ಗುಡಿಸಿಕೊಡು, ಹಣ್ಣು ನಿನ್ನದೇ ಎಂದರಂತೆ. ಅವಳು, “ಮೊದ್ಲು ಬದೂನ ಇದ್ದ ಜಾಗುಕ್ಕೆ ಕಳ್ಸಿ ಗೌಡ್ರೆ, ಆಮ್ಯಾಕೆ ಮಾತಾಡನ” ಎಂದಳಂತೆ. ಬದು ಇನ್ನೂ ಹೊರಟ ಸುದ್ದಿಯಿಲ್ಲ. ತಾವು ಕೆರೆಗೆ ಹೋಗಿ ಬರುವ ದಾರಿ ಅವರ ಹೊಲಮನೆಯ ಮೇಲೆಯೇ ಹಾದುಹೋಗುತ್ತದೆಂದು ಕೇಳಿದ್ದೇನೆ. ಅವರ ಮನೆಯ ತಾರಸಿ ಬಹಳ ವಿಶಾಲವಾಗಿದೆ, ಖಾತೆ ಸ್ಪಷ್ಟವಾಗಿದೆ, ಗಡಿಯ ತಕರಾರು ಏನೂ ಇಲ್ಲ.